ಹೊಟ್ಟೆ ಬಂದ ಬಾಟಲಿ

ಫ್ಯಾನಿನ ಗಾಳಿಗೆ ಹಾರದಿರಲೆಂದು ಸವಿತಾ ಎರಡು ಕಾಲೇಜುಗಳ ಮಾಹಿತಿಪತ್ರಗಳ ಮೇಲೆ ನನ್ನ ಔಷಧದ ಬಾಟಲಿಯನ್ನೇ ಇಟ್ಟಳು. ಈಕೆ ನನ್ನ ತಂಗಿಯ ಮೊಮ್ಮಗಳು; ಬಾಗೇವಾಡಿಯ ನಮ್ಮ ಮನೆಯಲ್ಲೇ ಇದ್ದು ಪಿಯುಸಿ ಮುಗಿಸಿದವಳು. ಫಿಜಿಷಿಯನ್ ಅಸಿಸ್ಟೆಂಟ್ ಎಂಬ ಡಿಗ್ರಿ ಓದಬೇಕಂತೆ. ಡಾಕ್ಟರರ ಜೊತೆಗಿದ್ದು ರೋಗಿಗಳನ್ನು ನೋಡಿಕೊಳ್ಳುವ ಕೆಲಸ. ಎರಡು ಕಾಲೇಜುಗಳಲ್ಲಿ ಯಾವುದಕ್ಕೆ ಸೇರಬೇಕೆಂಬುದು ಸಂಜೆಯೊಳಗೆ ತೀರ್ಮಾನವಾಗಬೇಕು.

"ಅಜ್ಜಾ, ನೀವು ಯುನಿವರ್ಸಿಟಿ ಕಂಡಾವ್ರು. ನೀವ ಹೇಳ್ರಿ."

ಯುನಿವರ್ಸಿಟಿ ಕಂಡವರು ಮಾಡುವುದನ್ನೇ ಮಾಡಿದೆ: ಹಾಳೆಯ ಮೇಲೆ ಗೆರೆ ಎಳೆದು ಕೋಷ್ಟಕ ಹಾಕಿದೆ. ಹತ್ತೊಂಬತ್ತು ಅಂಶಗಳನ್ನು ಕೂಡಿಸಿದರೆ ಎರಡಕ್ಕೂ ಸಮಸಮ ಅಂಕ. ಪೆನ್ನು ಕೆಳಗಿಟ್ಟಾಗ ಕಣ್ಣು ಬಾಟಲಿಯ ಮೇಲೆ ಬಿತ್ತು.

ನಿಮಗೂ ನೆನಪಿದ್ದೀತು, ಎಪ್ಪತ್ತರ ದಶಕದಲ್ಲಿ ದವಾಖಾನೆಗೆ ಬಾಟಲಿಯನ್ನು ನಾವೇ ಒಯ್ಯಬೇಕಿತ್ತು. ಕಂಪೌಂಡರ್ ಔಷಧ ತುಂಬಿ ಹೊರಗೆ ಕಾಗದದ ಪಟ್ಟಿ ಅಂಟಿಸುತ್ತಿದ್ದ. ಪಟ್ಟಿಯ ಅಂಚಿಗೆ ಕತ್ತರಿಯ ಕಚ್ಚುಗಳು; ಕಚ್ಚಿನಿಂದ ಕಚ್ಚಿಗೆ ಒಂದು ಡೋಸು. ಇಂಡಿ ಊರಿನ ದವಾಖಾನೆಯಲ್ಲಿ ಚನ್ನಪ್ಪ ಕಾಕಾ ಕಂಪೌಂಡರ್ ಆಗಿದ್ದರು. ಅದು ಸಿಂದಗಿ ಎನ್ನುತ್ತಾಳೆ ತಂಗಿ. ಅಗರಖೇಡದ ಬಸ್ಸು ನೆನಪಿರುವುದರಿಂದ ಇಂಡಿಯೇ ಇರಬೇಕು, ಆ ಬಸ್ಸನ್ನೂ ನಾನೇ ಕಲ್ಪಿಸಿಕೊಂಡಿರದಿದ್ದರೆ.

ಆಗ ನನ್ನ ಮುಂದೆಯೂ ಎರಡು ಫಾರ್ಮುಗಳಿದ್ದವು: ಒಂದು ಕಂಪೌಂಡರ್ ಕೋರ್ಸಿನದು, ಇನ್ನೊಂದು ಧಾರವಾಡದ ಬಿ.ಎಸ್ಸಿ.ಯದು. "ಎಂಟು ದಿನ ಕಾಕಾನ ಕೈಕೆಳಗ ಕುಂದ್ರು, ಆಮ್ಯಾಲ ನೋಡೂಣು," ಎಂದು ಅಪ್ಪ ಕಳಿಸಿದ್ದ.

ಮೂರನೆಯ ದಿನ ಅಗರಖೇಡದ ಮುದುಕಿಯೊಬ್ಬಳು ಬಂದಳು. ಅವಳ ಬಾಟಲಿ ಮೇಲೆ ಕಿರಿದಾಗಿ, ಕೆಳಗೆ ಗೌಡರಂತೆ ಹೊಟ್ಟೆ ಬಂದದ್ದು. ಕಾಕಾ ಔಷಧ ತುಂಬಿ, "ಪಟ್ಟಿ ನೀ ಹಚ್ಚು," ಎಂದು ಒಳಗೆ ಹೋದರು. ನಾನು ವಿಜ್ಞಾನದ ವಿದ್ಯಾರ್ಥಿ. ಬಾಟಲಿ ಕಿರಿದಾದಲ್ಲಿ ಕಚ್ಚುಗಳು ದೂರ ದೂರ, ಅಗಲವಾದಲ್ಲಿ ಹತ್ತಿರ ಹತ್ತಿರ ಇರಬೇಕಲ್ಲವೇ? ಅರ್ಧ ತಾಸು ಲೆಕ್ಕ ಹಾಕಿ ಹಾಗೇ ಕತ್ತರಿಸಿದೆ.

ಮುದುಕಿ ಬಾಟಲಿಯನ್ನು ಬೆಳಕಿಗೆ ಹಿಡಿದಳು. "ಇದೇನೋ ಯಪ್ಪಾ? ಮೊದಲ ಇಷ್ಟುದ್ದ, ಕಡೀಕ ಇಷ್ಟ ಸಣ್ಣ? ಮುದುಕಿ ಹೆಂಗೂ ಸಾಯಾಕಿ ಅಂತ ಕಡಿಮಿ ಮಾಡಿಯೇನು?"

ನಾನು ಸೀಮೆಸುಣ್ಣದಿಂದ ಬಾಗಿಲ ಮೇಲೆ ಚಿತ್ರ ಬರೆದು ಘನಫಲ ವಿವರಿಸಿದೆ.

"ನಿನ್ನ ಘನಫಲ ನಿನ್ನ ಮನ್ಯಾಗ ಇಟ್ಕೊ!" ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿ ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟಳು.

ಕಾಕಾ ಬರಿಗಾಲಲ್ಲಿ ಓಡಿ ಕರೆತಂದರು. ನನ್ನ ಪಟ್ಟಿ ಕಿತ್ತು ಸಮಸಮ ಕಚ್ಚಿನದು ಅಂಟಿಸಿದರು. ಆಮೇಲೆ, "ಯವ್ವಾ, ಪಟ್ಟಿ ಬರೇ ನೋಡಾಕ. ಕುಡಿಯೂದು ಚಮಚಾದಲೇ. ಮನ್ಯಾಗ ಚಮಚಾ ಐತೇನು?"

"ಐತ್ರಿ, ಮೊಮ್ಮಗಂದು."

"ಅದರಲೇ ಎರಡು. ಮುಂಜಾನಿ, ಸಂಜಿಕ."

ಅವಳು ಬಾಟಲಿಯನ್ನು ಕೂಸಿನಂತೆ ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಕಾಕಾ ಬಾಗಿಲ ಮೇಲಿನ ಚಿತ್ರವನ್ನು ಒರೆಸುತ್ತ ಹೇಳಿದರು: "ತಮ್ಮಾ, ನಿನ್ನ ಲೆಕ್ಕ ಖರೇನ. ಆಕಿ ಎದ್ದು ಹೋಗಿದ್ದೂ ಖರೇನ."

ಮರುದಿನ ಧಾರವಾಡದ ಫಾರ್ಮನ್ನು ಅಂಚೆಗೆ ಹಾಕಿದೆ. ಅಲ್ಲಿಯ ಪ್ರಯೋಗಾಲಯದಲ್ಲಿ ಯಾರೂ ಎದ್ದು ಹೋಗುವುದಿಲ್ಲ.

ಕೋಷ್ಟಕ ಮಡಚಿಟ್ಟು ಸವಿತಾಗೆ ಈ ಕಥೆ ಹೇಳಿದೆ. "ಎರಡೂ ಕಡೆ ಫೋನ್ ಹಚ್ಚು. ಇಂಥಾ ಮುದುಕಿ ಎದ್ದು ಹೋದ್ರ ಏನ ಮಾಡಬೇಕು ಅಂತ ಕಲಿಸ್ತೀರೇನ್ರಿ ಅಂತ ಕೇಳು."

ಅವಳು ನಕ್ಕರೂ ಫೋನ್ ಹಚ್ಚಿದಳು. ಮೊದಲ ಕಾಲೇಜಿನವರು, ವಿವರವೆಲ್ಲ ವೆಬ್‌ಸೈಟಿನಲ್ಲಿದೆ ಎಂದು ಫೋನ್ ಇಟ್ಟರು. ಎರಡನೆಯ ಕಾಲೇಜಿನ ಮೇಡಂ ಪೂರ್ತಿ ಕೇಳಿಸಿಕೊಂಡಂತಿತ್ತು. ಸವಿತಾ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದಳು.

"ಅಜ್ಜಾ, ಆ ಮುದುಕಿಗಿ ಏನ ಜಡ್ಡು ಆಗಿತ್ತು ಅಂತ ಕೇಳಾಕತ್ತಾರ."

ಬಾಟಲಿಯ ಆಕಾರವನ್ನು ನಾನು ಈಗಲೂ ಬಿಡಿಸಿ ತೋರಿಸಬಲ್ಲೆ. ಅವಳಿಗೆ ಏನಾಗಿತ್ತು? ಮೊದಲ ಸಲ ನನ್ನ ನೆನಪನ್ನು ದೂರಲು ಬರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

"ಈ ಕಾಲೇಜಿಗೇ ಹೋಗವ್ವ," ಎಂದೆ.