ಬೆಸುಗೆ ಬಿಡಲಿಲ್ಲ ಎಂದ ನಮ್ಮಣ್ಣ

ನಮ್ಮಣ್ಣ ನಂಜುಂಡಪ್ಪ ಯಾರ ಮನೆಯಲ್ಲಿ ನೀರು ಕುಡಿದರೂ ಚೊಂಬನ್ನು ಮಗುಚಿ ನೋಡುತ್ತಿದ್ದ. ತಳದ ಬೆಸುಗೆಯ ಮೇಲೆ ಉಗುರು ಆಡಿಸಿ, "ಇದ್ಯಾವ ಬಡ್ಡೈದ ಬೆಸ್ದಿರದು?" ಎಂದು ಗೊಣಗದೆ ಕೆಳಗಿಡುತ್ತಿರಲಿಲ್ಲ. ನನ್ನ ಮದುವೆಯ ಮಾತಿಗೆ ಗಂಡಿನ ಮನೆ ನೋಡಲು ಹೋದಾಗಲೂ ಅದನ್ನೇ ಮಾಡಿದನಂತೆ. ಬೀಗರೆದುರು ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳಂತೆ.

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಅವನ ವೆಲ್ಡಿಂಗ್ ಅಂಗಡಿ. ಯಾವಾಗ ಹೋದರೂ ಕಾರ್ಬೈಡಿನ ನಾತ. ಘಟ್ಟ ಇಳಿದು ಕೇರಳಕ್ಕೆ ಹೋಗುವ ಲಾರಿಯವರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವನು ಅವನೇ. ನನಗೆ ಜ್ವರ ಬಂದರೆ ಅಂಗಡಿ ಮುಚ್ಚಿ ಬಂದು ತಲೆದೆಸೆಯಲ್ಲಿ ಕೂರುತ್ತಿದ್ದ. ಅದನ್ನು ನಾನು ಮರೆತಿಲ್ಲ. ಮರೆತಿದ್ದರೆ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ.

ಚಾಮರಾಜನಗರದ ಹೊರಗೆ ಆಗ ಒಂದು ಗಿರಣಿಯಿತ್ತು. ತನಗೆ ಬೇಕಾದ ಕರೆಂಟನ್ನು ತಾನೇ ಮಾಡಿಕೊಳ್ಳುತ್ತಿತ್ತು. ಬಂಡೀಪುರದ ಕಡೆಯ ಸೌದೆ ಉರಿಸಿ, ಬಾಯ್ಲರಿನಲ್ಲಿ ಆವಿ ಎಬ್ಬಿಸಿ, ಅದನ್ನು ಇನ್ನೊಮ್ಮೆ ಬೆಂಕಿಯೊಳಗೆ ಹಾಯಿಸಿ ವಿಪರೀತ ಕಾಯಿಸಿ ಎಂಜಿನಿಗೆ ಬಿಡುತ್ತಿದ್ದರು. ಆ ಆವಿ ಹರಿಯುವ ಉಕ್ಕಿನ ಕೊಳಾಯಿಯನ್ನು ಬೆಸೆದವನು ನಮ್ಮಣ್ಣ. ಶಾಖ ಹೋಗದಂತೆ ಕೊಳಾಯಿಗೆಲ್ಲ ಮಣ್ಣು, ನಾರು ಮೆತ್ತಿದರೂ ತನ್ನ ಬೆಸುಗೆಯ ಜಾಗ ಮಾತ್ರ ಮುಚ್ಚಲು ಅವನು ಬಿಡಲಿಲ್ಲ. ಬಂದವರು ನೋಡಬೇಕಲ್ಲ! ವರ್ಷವರ್ಷವೂ ಆಯುಧಪೂಜೆಗೆ ಬಾಯ್ಲರ್ ಆರಿಸಿದಾಗ ಬಸ್ಸು ಹತ್ತಿ ಬಂದು, ಬೆಸುಗೆಯ ಸುತ್ತ ಗೇಣಗಲ ಸುಣ್ಣ ಬಳಿದು, ಮೂರು ಬೆರಳಲ್ಲಿ ವಿಭೂತಿ ಎಳೆದು ಕೈಮುಗಿಯುತ್ತಿದ್ದ. ಪೂಜೆಯಾದ ಆ ಜಾಗವನ್ನು ಆಮೇಲೆ ಯಾರೂ ಮುಟ್ಟುತ್ತಿರಲಿಲ್ಲ.

ನಮ್ಮ ಯಜಮಾನರಿಗೆ ಅದೇ ಬಾಯ್ಲರಿಗೆ ಸೌದೆ ಹಾಕುವ ಕೆಲಸ ಕೊಡಿಸಿದವನೂ ಅವನೇ. "ನನ್ ಬೆಸ್ಗೆ ಇರೋ ತಾವ ನನ್ ತಂಗಿ ಗಂಡ ಇರ್ಲಿ. ಬಯ ಇಲ್ಲ," ಎಂದಿದ್ದ.

ಕೆಲವು ವರ್ಷ ಕಳೆದವು. ಒಂದು ಆಯುಧಪೂಜೆಗೆ ಮೊದಲು ಅಣ್ಣ ಚಾಮರಾಜನಗರದ ನಮ್ಮ ಮನೆಗೆ ಊಟಕ್ಕೆ ಬಂದ. ಯಜಮಾನರು ಮಾತಿನವರಲ್ಲ. ಅವತ್ತು ಮುದ್ದೆ ಮುರಿಯುತ್ತಾ ಮೆಲ್ಲಗೆ ತೆಗೆದರು: "ಬಾವ, ಆ ಕೊಳಾಯಿ ಮೊದ್ಲಂಗಿಲ್ಲ ಕಣ. ನಡುಮದ್ಯ ಜಗ್ಗಿರಂಗದ. ನಿನ್ ಬೆಸ್ಗೆ ಪಕ್ಕದಲ್ಲಿ ಸುಣ್ಣ ಸೀಳ್ತಾ ಅದ. ಒಸಿ ಕೆರೆದು ನೋಡ್ಬುಡು."

ಅಣ್ಣನ ಕೈ ತಟ್ಟೆಯಲ್ಲೇ ನಿಂತಿತು. "ಕಬ್ಬಣ ಏನ್ ಹಗ್ಗವಾ ಬಾವ ಜಗ್ಗಾಕೆ? ನಾನ್ ಬೆಸ್ದಿರದು ಬುಡದಿಲ್ಲ. ಬುಟ್ರೆ ಈ ಕೈಯ ಕಡ್ದಾಕು!"

ಯಜಮಾನರು ಗಿರಣಿಯ ಮೇಲಿನವರಿಗೆ ಹೇಳಬಹುದಿತ್ತು. ಹೆಣ್ಣು ಕೊಟ್ಟ ಬಾವನ ಕೆಲಸದ ಮೇಲೆ ದೂರು ಹೇಳಿದ ಅನ್ನಿಸಿಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲ. ಅಣ್ಣ ಆ ಸಲ ಗಿರಣಿಗೆ ಹೋದವನು ಬೆಸುಗೆಯ ಮೇಲೆ ಸುತ್ತಿಗೆಯಿಂದ ತಟ್ಟಿ ನೋಡಿದನಂತೆ. ಸದ್ದು ಸರಿಯಾಗಿತ್ತಂತೆ. ಹಳೆಯ ಸುಣ್ಣದ ಮೇಲೆ ಹೊಸ ಸುಣ್ಣ ಬಳಿದು, ವಿಭೂತಿ ಎಳೆದು ಬಂದ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಬೆಳಗಿನ ಪಾಳಿಯಲ್ಲಿ ಕೊಳಾಯಿ ಸೀಳಿತು. ಯಜಮಾನರು ಅದರ ಎದುರಿಗೇ ಇದ್ದರು. ಅವರನ್ನು ಆಸ್ಪತ್ರೆಗೆ ತಂದಾಗ ನಾನು ಗುರುತು ಹಿಡಿದದ್ದು ಕೊರಳಿನ ಲಿಂಗದ ಕರಡಿಗೆಯಿಂದ.

ಸುದ್ದಿ ತಿಳಿದು ಗುಂಡ್ಲುಪೇಟೆಯಿಂದ ಓಡಿಬಂದ ಅಣ್ಣ ಮೊದಲು ಆಸ್ಪತ್ರೆಗೆ ಬರಲಿಲ್ಲ, ಗಿರಣಿಗೆ ಹೋದ. ಅವನು ಬರುವಷ್ಟರಲ್ಲಿ ಅವರ ಉಸಿರು ನಿಂತಿತ್ತು. ಬಾಗಿಲಲ್ಲಿ ನಿಂತು, ಅಳುತ್ತಲೇ ಅವನು ಹೇಳಿದ ಮೊದಲ ಮಾತು: "ನನ್ ಬೆಸ್ಗೆ ಬುಟ್ಟಿಲ್ಲ ಕಣಮ್ಮಿ. ಪಕ್ಕದ ಕಬ್ಬಣ ಸೀಳದ."

ಆಮೇಲೆ ಮೈಸೂರಿನಿಂದ ಒಬ್ಬ ಎಂಜಿನಿಯರು ಬಂದು ನೋಡಿ, ನಮ್ಮಿಬ್ಬರನ್ನೂ ಕೂರಿಸಿಕೊಂಡು ತಿಳಿಯುವ ಹಾಗೆ ಹೇಳಿದರು. ಅಷ್ಟು ಬಿಸಿಯಲ್ಲಿ, ಅಷ್ಟು ಒತ್ತಡದಲ್ಲಿ ವರ್ಷಗಟ್ಟಲೆ ಇದ್ದರೆ ಉಕ್ಕೂ ನಿಧಾನವಾಗಿ ಹಿಗ್ಗುತ್ತದೆ. ಬೆಸೆಯುವಾಗ ಉರಿ ತಗುಲಿದ ಪಕ್ಕದ ಜಾಗ ಮೊದಲು ಸೋಲುತ್ತದೆ. ಒಳಗೆ ಸಣ್ಣ ಸಣ್ಣ ತೂತುಗಳೆದ್ದು, ಒಂದಕ್ಕೊಂದು ಸೇರಿ ಬಿರುಕಾಗುತ್ತದೆ. ಬೆಸುಗೆಯಲ್ಲಿ ದೋಷವಿಲ್ಲ. ಆದರೆ ಆ ಸುಣ್ಣವಿಲ್ಲದಿದ್ದರೆ ಬಿರುಕು ಯಾವತ್ತೋ ಕಣ್ಣಿಗೆ ಬೀಳುತ್ತಿತ್ತು.

ಅಣ್ಣ ಇದರಲ್ಲಿ ಅರ್ಧ ಮಾತ್ರ ಕಟ್ಟಿಕೊಂಡು ಗುಂಡ್ಲುಪೇಟೆಗೆ ಹೋದ. ಬೆಸುಗೆಯಲ್ಲಿ ದೋಷವಿಲ್ಲ ಅಂತ ಮೈಸೂರಿನ ಎಂಜಿನಿಯರೇ ಹೇಳಿದರು ಎಂದು ಊರೆಲ್ಲ ಸಾರಿದ. ನನ್ನ ಮನೆಗೆ ರಾಗಿ, ಕಾಳು, ಬೆಲ್ಲ ತಪ್ಪದೆ ಬರುತ್ತಿತ್ತು. ನನಗೆ ಬೇಕಾಗಿದ್ದ ಒಂದು ಮಾತು ಬರಲಿಲ್ಲ.

ಒಮ್ಮೆ ತೆರಕಣಾಂಬಿಯ ನೆಂಟರ ಮನೆಗೆ ಹೋದವಳು ಹಾಗೇ ಮುಂದೆ ಗುಂಡ್ಲುಪೇಟೆಯವರೆಗೆ ಬಂದು ಅವನ ಅಂಗಡಿಗೆ ಹೋದೆ. ಬಾಗಿಲಲ್ಲೇ ಆ ಕೊಳಾಯಿಯ ತುಂಡನ್ನು ಇಟ್ಟುಕೊಂಡಿದ್ದ. ಗಿರಣಿಯವರನ್ನು ಕೇಳಿ ಕೊಯ್ದು ತಂದದ್ದಂತೆ. ಬೆಸುಗೆ ಫಳಫಳ ಹೊಳೆಯುತ್ತಿತ್ತು. ಸೀಳಿದ ಕಡೆಯನ್ನು ಗೋಡೆಗೆ ತಿರುಗಿಸಿದ್ದ.

"ಅಣ್ಣ, ಅವ್ರು ಕೆರೆದು ನೋಡು ಅಂದಾಗ ನೋಡ್ಬೇಕಾಗಿತ್ತು ಅಂತ ಒಂದೇ ಒಂದ್ ಮಾತ್ ಅನ್ನು. ನಂಗಿನ್ನೇನೂ ಬ್ಯಾಡ," ಎಂದೆ.

ಅವನು ನನ್ನನ್ನೇ ನೋಡಿದ. ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ. ಈಗ ಅನ್ನುತ್ತಾನೆ ಅಂದುಕೊಂಡೆ. ಅಷ್ಟರಲ್ಲಿ ಒಬ್ಬ ಲಾರಿ ಡ್ರೈವರ್ ಮುರಿದ ಕಬ್ಬಿಣದ ಪಟ್ಟಿಯೊಂದನ್ನು ಹಿಡಿದು ಒಳಗೆ ಬಂದ. ಆ ತುಂಡನ್ನು ನೋಡಿ, "ಮೇಸ್ತ್ರಿ, ಆಳು ಸತ್ತೋದ್ನಂತಲ್ಲ, ಅದು ಇದೇನಾ?" ಎಂದ.

ಅಣ್ಣನಿಗೆ ಜೀವ ಬಂದಂತಾಯಿತು. ನನ್ನ ಭುಜದ ಮೇಲೆ ಕೈಯಿಟ್ಟು, "ಇವ್ಳು ನನ್ ತಂಗಿ. ಸತ್ತೋನು ಇವ್ಳ ಗಂಡನೇ. ನನ್ ಮಾತ್ ಬುಡು, ಇವ್ಳನ್ನೇ ಕೇಳು. ಹೇಳಮ್ಮಿ, ಬೆಸ್ಗೆ ಬುಟ್ಟಿತ್ತಾ?" ಎಂದ.

ಸುಳ್ಳು ಹೇಳಲು ನನಗೆ ಬರಲಿಲ್ಲ.

"ಇಲ್ಲ ಕಣಣ್ಣ, ಬುಟ್ಟಿರ್ನಿಲ್ಲ," ಎಂದೆ.

ಅವನ ಮುಖ ಅರಳಿತು. ಆ ಅರಳಿದ ಮುಖವೇ ನಾನು ನೋಡಿದ ಅವನ ಕೊನೆಯ ಮುಖ. ಅವನು ತೀರಿಹೋದನೆಂದು ಗುಂಡ್ಲುಪೇಟೆಯಿಂದ ಹೇಳಿಕಳಿಸಿದಾಗ ನಾನು ಒಲೆ ಆರಿಸಿ ಮನೆಯಲ್ಲೇ ಕೂತೆ. ಮಣ್ಣಿಗೆ ಹೋಗಲಿಲ್ಲ.