ಸರೋಜಕ್ಕ ಬರೆದ ಪುಟ

ಬೆಳಿಗ್ಗೆ ಕಂಪ್ಯೂಟರ್ ಹಾಕಿದ ಕೂಡಲೇ ಸರೋಜಕ್ಕ ಅಂಗೈಯಿಂದ ಮುಖ ಮುಚ್ಚಿಕೊಂಡು ಬೆರಳ ಸಂದಿಯಿಂದ ಪರದೆ ನೋಡುತ್ತಿದ್ದರು. ಐವತ್ತು ದಾಟಿದ ಹೆಂಗಸು, ಜಿಗಣಿಯ ಹಳೇ ಒಕ್ಕಲು ಮನೆತನದ ಸೊಸೆ. ಬಾಡಿಗೆದಾರರನ್ನು ಒಂದೇ ಕೂಗಿಗೆ ಸಾಲಾಗಿ ನಿಲ್ಲಿಸಬಲ್ಲವರು. ಆ ಗಳಿಗೆಯಲ್ಲಿ ಮಾತ್ರ ಗುಮ್ಮನಿಗೆ ಹೆದರಿದ ಮಗುವಿನಂತಾಗುತ್ತಿದ್ದರು.

"ಸುಮಾ, ನೀನೇ ನೋಡಿ ಯೋಳು. ಮೇಲೈತಾ, ಕೆಳಕ್ಕೋಯ್ತಾ?"

ಅವರು ಕೇಳುತ್ತಿದ್ದುದು ತಮ್ಮ ವೆಬ್‌ಸೈಟಿನ ವಿಚಾರ. ಯಾರಾದರೂ 'ಒಳ್ಳೆಯ ಮಿಕ್ಸಿ ಯಾವುದು' ಎಂದು ಇಂಟರ್ನೆಟ್ಟಿನಲ್ಲಿ ಕನ್ನಡದಲ್ಲಿ ಹುಡುಕಿದರೆ ಸರೋಜಕ್ಕನ ಪುಟವೇ ಮೊದಲು ಬರಬೇಕು. ಓದಿದವರು ಅಲ್ಲಿರುವ ಲಿಂಕ್ ಒತ್ತಿ ಮಿಕ್ಸಿ ಕೊಂಡರೆ ಇವರಿಗೆ ಕಮಿಷನ್ ಬರುತ್ತಿತ್ತು. ಯಾರು ಮೇಲೆ, ಯಾರು ಕೆಳಗೆ ಎಂದು ತೀರ್ಮಾನಿಸುವ ಆ ಕಾಣದ ಶಕ್ತಿಗೆ ಅವರು ಸರ್ಚಪ್ಪ ಎಂದು ಹೆಸರಿಟ್ಟಿದ್ದರು.

"ಮುನೇಶ್ವರ ಮುನಿಸ್ಕೊಂಡ್ರೆ ಒಂದು ಕೋಳಿ ಕುಯ್ದು ಸಮಾಧಾನ ಮಾಡ್ಬೋದು ಕಣಮ್ಮ. ಈ ಸರ್ಚಪ್ಪನಿಗೆ ಏನ್ ಕೊಟ್ರೆ ಒಲೀತಾನೆ ಅಂತ ಯಾರಿಗೂ ಗೊತ್ತಿಲ್ಲ."

ನಾನು ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ನನ್ನ ಕೆಲಸ ಹೋದಾಗ, "ಕಾಗುಣಿತ ತಿದ್ದೋಕೆ ಬರ್ತದಾ? ಬಾ, ಕೂತ್ಕೋ" ಎಂದು ತಾವೇ ಕರೆದರು. ಕೆಳಗಿನ ಶೆಡ್ಡನ್ನು ಲೇತ್ ಮಷಿನ್ನಿನವರಿಗೆ ಕೊಟ್ಟಿದ್ದರು. ಅದರ ಕಿರುಗುಟ್ಟುವ ಸದ್ದಿನ ನಡುವೆ ನಾವಿಬ್ಬರೂ ಕೂತು ಬರೆಯುತ್ತಿದ್ದೆವು.

ಮೊದಮೊದಲು ಅವರು ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತಿದ್ದರಂತೆ. ಮಿಕ್ಸಿ ತರಿಸಿ ದೋಸೆ ಹಿಟ್ಟು ರುಬ್ಬಿ, ಕುಕ್ಕರಿನಲ್ಲಿ ಹುರುಳಿಕಾಳು ಬೇಯಿಸಿ, ಆಮೇಲೆ ಬರೆಯುವುದು. 'ಇದರಲ್ಲಿ ಕೊಬ್ಬರಿ ಹಾಕಬೇಡಿ, ಸುಟ್ಟ ವಾಸನೆ ಬರ್ತದೆ' ಎಂಬಂಥ ಸಾಲುಗಳನ್ನು ಓದಿ ಜನ ನಂಬಿದರು. ಸರೋಜಕ್ಕ ಹೇಳಿದರೆ ಸರಿ ಎನ್ನುವ ಮಾತು ಹುಟ್ಟಿತು. ನಂಬಿಕೆ ಬೆಳೆದಂತೆ ಬೇರೆ ಬೇರೆ ಕಂಪನಿಯವರೂ ಹುಡುಕಿಕೊಂಡು ಬಂದರು. ಅಷ್ಟು ಹೊತ್ತಿಗೆ ಅವರು ಇನ್ನೊಂದು ಪಾಠವನ್ನೂ ಕಲಿತಿದ್ದರು.

"ನಮಗೇನ್ ಗೊತ್ತೋ ಅದನ್ನ ಬರೆದ್ರೆ ಯಾರೂ ಬರಲ್ಲ. ಜನ ಏನ್ ಉಡುಕ್ತಾರೋ ಅದನ್ನ ಬರೀಬೇಕು."

ಜನ ಹುಡುಕುತ್ತಿದ್ದುದು ಸಕ್ಕರೆ ಕಾಯಿಲೆಗೆ ಮದ್ದು. ನಾನು ಸೇರುವ ಮೊದಲೇ ಸರೋಜಕ್ಕ ಒಂದು ಪುಡಿಯ ಬಗ್ಗೆ ಬರೆದಿದ್ದರು. ಕಂಪನಿಯವರು ಕಳಿಸಿದ ವಿವರವನ್ನು ತಮ್ಮ ಮಾತಿನಲ್ಲಿ, ನೆರೆಮನೆಯಾಕೆಗೆ ಹೇಳುವ ಧಾಟಿಯಲ್ಲಿ ತಿರುಗಿಸಿ ಬರೆದದ್ದು: ಮಾತ್ರೆ ಇಲ್ಲದೆ ಸಕ್ಕರೆ ಕಾಯಿಲೆ ವಾಸಿ. ಸರ್ಚಪ್ಪ ಒಲಿದ. ಆ ಪುಟ ಮೇಲೇರಿದ್ದು ಮತ್ತೆ ಇಳಿಯಲೇ ಇಲ್ಲ.

ಒಂದು ಬೆಳಿಗ್ಗೆ ಆ ಪುಟದ ಕೆಳಗೆ ಬಂದ ಕಾಮೆಂಟನ್ನು ನಾನೇ ಅವರಿಗೆ ಓದಿ ಹೇಳಿದೆ. ಮಂಜುಳಾ ಎಂಬ ಹೆಂಗಸು ಬರೆದಿದ್ದಳು:

'ಅಕ್ಕಾ, ನೀವು ಹೇಳಿದಂಗೆ ನಮ್ಮಪ್ಪನಿಗೆ ಮಾತ್ರೆ, ಇಂಜೆಕ್ಷನ್ ಎಲ್ಲಾ ನಿಲ್ಸಿ ಪುಡಿ ಕೊಡ್ತಿದ್ದೀನಿ. ನಿನ್ನೆಯಿಂದ ಎದ್ದೇಳ್ತಿಲ್ಲ. ಉಸಿರು ಜೋರಾಗಿ ಬಿಡ್ತಾರೆ. ಪುಡಿ ಇನ್ನೂ ಜಾಸ್ತಿ ಹಾಕ್ಬೇಕಾ?'

ಸರೋಜಕ್ಕ ಇನ್ನೊಮ್ಮೆ ಓದಲು ಹೇಳಿದರು. ಓದಿದೆ.

"ಬರಿ. ಪುಡಿ ನಿಲ್ಸು, ಈಗ್ಲೇ ಆಸ್ಪತ್ರೆಗೆ ಕರ್ಕೊಂಡೋಗು ಅಂತ ಬರಿ. ನನ್ ಫೋನ್ ನಂಬರ್ ಆಕು."

ಬರೆದೆ. ಉತ್ತರವಿಲ್ಲ. ಫೋನೂ ಬರಲಿಲ್ಲ. ಕಾಮೆಂಟಿನಲ್ಲಿ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಹಳೆಯ ಕಾಮೆಂಟುಗಳನ್ನು ತಡಕಿದಾಗ ಅದೇ ಮಂಜುಳಾ ಹಿಂದೊಮ್ಮೆ ಕೇಳಿದ್ದು ಸಿಕ್ಕಿತು: 'ಸರ್ಜಾಪುರಕ್ಕೆ ಕಳಿಸ್ತಾರಾ ಅಕ್ಕ? ಬಸ್ ಸ್ಟ್ಯಾಂಡ್ ಹತ್ರ ನಮ್ಮ ಹೂವಿನ ಅಂಗಡಿ ಇದೆ, ಅಲ್ಲಿಗೇ ಕೊಟ್ರೂ ಸಾಕು.'

"ಸ್ಕೂಟರ್ ತೆಗಿ" ಎಂದರು ಸರೋಜಕ್ಕ.

ಚಂದಾಪುರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಹಿಂದೆ ಕೂತಿದ್ದ ಅವರ ಬೆರಳುಗಳು ನನ್ನ ಭುಜದೊಳಕ್ಕೆ ಇಳಿಯುವಂತೆ ಹಿಡಿದಿದ್ದವು. ದಾರಿಯುದ್ದಕ್ಕೂ ಅವರಾಡಿದ್ದು ಒಂದೇ ಮಾತು: "ಉಸಿರಾಡ್ತಿದ್ರೆ ಸಾಕು."

ಸರ್ಜಾಪುರದಲ್ಲಿ ಹೂವಿನ ಅಂಗಡಿಯ ಬಾಗಿಲು ಹಾಕಿತ್ತು. ಪಕ್ಕದಲ್ಲಿ ಎಳನೀರು ಮಾರುತ್ತಿದ್ದವನು, "ಮಂಜುಳಕ್ಕ ಬಂದಿಲ್ಲ ಮೇಡಂ, ಅವ್ರಪ್ಪನಿಗೆ ಹುಷಾರಿಲ್ವಂತೆ" ಎಂದು ಮನೆಯ ದಾರಿ ತೋರಿಸಿದ. ಆ ಬೀದಿಗೆ ತಿರುಗಿದರೆ ಎದುರಿಗೇ ಶಾಮಿಯಾನ. ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಜನ ಸುಮ್ಮನೆ ಕೂತಿದ್ದರು. ಸರೋಜಕ್ಕ ಅಲ್ಲೇ ಒಂದು ಮನೆಯ ಜಗಲಿಯ ಮೇಲೆ ಕೂತುಬಿಟ್ಟರು. ನಾನೊಬ್ಬಳೇ ಮುಂದೆ ಹೋಗಿ ವಿಚಾರಿಸಿದೆ. ಯಾರದೋ ಗೃಹಪ್ರವೇಶ, ಊಟದ ಎರಡನೇ ಪಂಕ್ತಿಗೆ ಕಾಯುತ್ತಿದ್ದ ಜನ. ಮಂಜುಳಾಳ ಮನೆ ಅದರಾಚೆಗಿತ್ತು.

ಬಾಗಿಲು ತೆಗೆದೇ ಇತ್ತು. ಚಾಪೆಯ ಮೇಲೆ ಮಲಗಿದ್ದ ಮುದುಕರ ಎದೆ ತಿದಿಯಂತೆ ಏರಿಳಿಯುತ್ತಿತ್ತು. ಕೋಣೆಯಲ್ಲಿ ಕಳಿತು ಕೊಳೆಯಲು ಹತ್ತಿದ ಹಣ್ಣಿನಂಥ ವಾಸನೆ. ಮಂಜುಳಾ ತಲೆದಿಂಬಿನ ಬಳಿ ಕೂತು ಲೋಟದಲ್ಲಿ ಪುಡಿ ಕದಡುತ್ತಿದ್ದಳು. ನಾವು ಯಾರೆಂದು ಅವಳಿಗೆ ತಿಳಿಯಲಿಲ್ಲ.

"ಮೊದ್ಲು ಇವ್ರನ್ನ ಆಸ್ಪತ್ರೆಗೆ ಎತ್ತವ್ವ" ಎಂದರು ಸರೋಜಕ್ಕ.

"ಬೇಡ ಅಕ್ಕ. ಮೊದ್ಲು ಇಂಗೇ ಆಗ್ತದಂತೆ. ಒಳಗಿರೋ ವಿಷ ಎಲ್ಲಾ ಆಚೆಗೆ ಬರ್ತದಂತೆ. ಎದರ್ಕೊಂಡು ಅರ್ಧಕ್ಕೆ ಬಿಡಬಾರ್ದು ಅಂತ ಸರೋಜಕ್ಕ ಬರ್ದವ್ರೆ."

ಹೇಳುವಾಗ ಅವಳ ದನಿಯಲ್ಲಿದ್ದ ಭರವಸೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ಸರೋಜಕ್ಕ ಅವಳ ಕೈಯಿಂದ ಲೋಟ ತೆಗೆದುಕೊಂಡು ಕೆಳಗಿಟ್ಟರು.

"ನಾನೇ ಕಣವ್ವ ಸರೋಜಕ್ಕ. ನಾನು ಬರ್ದಿದ್ದು ಸುಳ್ಳು. ನಂಗೆ ಏನೂ ಗೊತ್ತಿಲ್ಲ. ಇಡ್ಕೋ, ಅಪ್ಪನ ಕಾಲು ಇಡ್ಕೋ."

ಮಂಜುಳಾ ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. ಆಮೇಲೆ ತಂದೆಯ ಕಾಲು ಹಿಡಿದಳು.

ಗೃಹಪ್ರವೇಶಕ್ಕೆ ಬಂದಿದ್ದವರೇ ಒಂದು ಕಾರು ಕೊಟ್ಟರು. ಆಸ್ಪತ್ರೆಯಲ್ಲಿ ಡಾಕ್ಟರು, ರಕ್ತದಲ್ಲಿ ಸಕ್ಕರೆ ಮಿತಿಮೀರಿ ಆಮ್ಲ ಏರಿದೆ, ಇನ್ನಷ್ಟು ಹೊತ್ತಾಗಿದ್ದರೆ ಕಷ್ಟವಿತ್ತು ಎಂದು ಹೇಳಿ, "ಇನ್ಸುಲಿನ್ ನಿಲ್ಸೋಕೆ ಯಾರ್ರೀ ಹೇಳಿದ್ದು?" ಎಂದು ಕೇಳಿದರು. ಮಂಜುಳಾ ತಲೆ ತಗ್ಗಿಸಿದಳು. ಸರೋಜಕ್ಕ ಶಾಲೆಯ ಹುಡುಗಿಯಂತೆ ಕೈ ಎತ್ತಿದರು.

"ನೀವ್ಯಾರು? ನಾಟಿ ವೈದ್ಯರಾ?"

"ಅಲ್ಲ ಸಾರ್. ವೆಬ್‌ಸೈಟ್."

ಡಾಕ್ಟರು ಬೈಯಲಿಲ್ಲ. ಹಾಗೇ ಒಳಗೆ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು ಎಂದು ಸರೋಜಕ್ಕ ಆಮೇಲೆ ಎಷ್ಟೋ ಸಲ ಹೇಳಿದ್ದುಂಟು.

ಮುದುಕರು ಬದುಕಿದರು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು, ಮೊದಲಿನಂತೆ ಓಡಾಡಲಾಗಲಿಲ್ಲ. ಆದರೂ ಮನೆಗೆ ಬಂದರು. ಅವರು ಕಣ್ಣು ಬಿಟ್ಟ ದಿನ ಸರೋಜಕ್ಕ ಆಸ್ಪತ್ರೆಯ ವರಾಂಡದಲ್ಲಿ ಗೋಡೆಗೆ ಹಣೆ ಒತ್ತಿ ಅತ್ತರು. ಮಂಜುಳಾ ಪಕ್ಕದಲ್ಲೇ ಕೂತಿದ್ದಳು. ಸಮಾಧಾನವನ್ನೂ ಹೇಳಲಿಲ್ಲ, ಎದ್ದೂ ಹೋಗಲಿಲ್ಲ.

ಪುಡಿಯ ಪುಟವನ್ನು ತೆಗೆಸಿ, ಅದೇ ಜಾಗದಲ್ಲಿ ಸರೋಜಕ್ಕ ತಮ್ಮ ಹೆಸರು ಹಾಕಿ ನಡೆದದ್ದನ್ನು ಬರೆದರು. ಕಂಪನಿಯವನೊಬ್ಬ ಫೋನ್ ಮಾಡಿ ಮೆತ್ತಗೆ ಮಾತಾಡಿದ. "ಒಂದು ಕೇಸಿಗೆ ಹೆದರ್ಕೊಂಡ್ರೆ ಹೆಂಗೆ ಮೇಡಂ? ಪೇಜ್ ವಾಪಸ್ ಹಾಕಿ. ಇಲ್ಲಾಂದ್ರೆ ಲೀಗಲ್ ಟೀಮ್ ನೋಡ್ಕೊಳ್ಳುತ್ತೆ." ಸರೋಜಕ್ಕ ಪುಟ ವಾಪಸ್ ಹಾಕಲಿಲ್ಲ.

ಅವರನ್ನು ನಿಜಕ್ಕೂ ತಿಂದದ್ದು ಬೇರೆ ಭಯ. "ಕಾಮೆಂಟ್ ಬರ್ದವಳು ಇವಳೊಬ್ಳು. ಬರೀದೆ ಇದ್ದೋರು ಎಷ್ಟು ಜನವೋ ಸುಮಾ? ಅವ್ರನ್ನ ಎಲ್ಲಿ ಅಂತ ಉಡುಕ್ಲಿ?" ಮನೆ ಮುಂದೆ ಆಂಬುಲೆನ್ಸ್ ಹಾದುಹೋದರೆ ಮಾಡುತ್ತಿದ್ದ ಕೆಲಸ ಬಿಟ್ಟು ಕಿಟಕಿಗೆ ಬರುತ್ತಿದ್ದರು. ವೆಬ್‌ಸೈಟ್ ನಿಧಾನವಾಗಿ ಕೆಳಗಿಳಿಯಿತು. ಅವರು ವಿಚಾರಿಸಲೂ ಇಲ್ಲ.

ನನಗೆ ಪೀಣ್ಯದಲ್ಲಿ ಕೆಲಸ ಸಿಕ್ಕಿ ಚಿಕ್ಕಬಾಣಾವರಕ್ಕೆ ಮನೆ ಬದಲಾಯಿಸಿದೆ. ಕೊನೆಯ ಸಲ ಜಿಗಣಿಗೆ ಹೋದಾಗ ಸರೋಜಕ್ಕ ತುಂಬ ಇಳಿದುಹೋಗಿದ್ದರು. ಕಾಫಿ ಕೊಟ್ಟು, ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿ ಯಾವುದೋ ಹೊಸ ವೆಬ್‌ಸೈಟ್ ತೋರಿಸಿದರು. ಅವರು ತೆಗೆಸಿದ್ದ ಅದೇ ಪುಡಿಯ ಪುಟ. ಯಾರೋ ಅಕ್ಷರ ಬಿಡದೆ ಕದ್ದು ಹಾಕಿಕೊಂಡಿದ್ದರು. 'ಸರೋಜಕ್ಕ ಹೇಳ್ತಾರೆ ಕೇಳಿ' ಎಂಬ ತಲೆಬರಹ, ಪಕ್ಕದಲ್ಲಿ ಯಾರೋ ನಗುವ ಹೆಂಗಸಿನ ಚಿತ್ರ. ತೆಗೆಯಿರಿ ಎಂದು ಎಷ್ಟು ಸಲ ಬರೆದರೂ ಉತ್ತರ ಬಂದಿರಲಿಲ್ಲ.

"ನಾನು ಸತ್ತೋದ್ಮೇಲೂ ಇವಳು ಮಾತಾಡ್ತಾನೇ ಇರ್ತಾಳೆ ಕಣಮ್ಮ" ಎಂದರು ಆ ಚಿತ್ರದ ಮೇಲೆ ಬೆರಳಿಟ್ಟು. ನಾನು ಅವರ ಕೈ ಹಿಡಿದುಕೊಂಡೆ. ತಣ್ಣಗಿತ್ತು.

ಹೋದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ಮಣ್ಣಿಗೆ ಹೋದಾಗ ಮಂಜುಳಾಳೂ ಬಂದಿದ್ದಳು.

ಮೊನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ, ಸಹೋದ್ಯೋಗಿಯೊಬ್ಬಳು ತನ್ನ ತಾಯಿಯ ಸಕ್ಕರೆ ಕಾಯಿಲೆಯ ವಿಷಯ ಎತ್ತಿದಳು. ಒಂದು ಕಡೆ ತುಂಬ ಚೆನ್ನಾಗಿ ಬರೆದಿದ್ದಾರೆ, ಮನೆಯವರೇ ಹೇಳಿದ ಹಾಗಿದೆ ಎಂದು ಫೋನ್ ಚಾಚಿದಳು. ಅದೇ ತಲೆಬರಹ: 'ಸರೋಜಕ್ಕ ಹೇಳ್ತಾರೆ ಕೇಳಿ'. ಆ ಪುಡಿ ಬೇಡವೆಂದು ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಪುಟದ ಕೆಳಗೆ ಯಾರೋ ಅಂದು ಬೆಳಿಗ್ಗೆಯೇ ಕೇಳಿದ್ದರು: 'ಸರೋಜಕ್ಕ, ನನ್ನ ಮಗನಿಗೆ ಎಂಟು ವರ್ಷ. ಇನ್ಸುಲಿನ್ ಯಾವಾಗಿಂದ ನಿಲ್ಲಿಸಲಿ?'

ಅಲ್ಲೇ ನನ್ನ ಫೋನ್ ತೆಗೆದು ಬರೆದೆ: ನಿಲ್ಲಿಸಬೇಡಿ, ಮಗುವಿನ ಜೀವಕ್ಕೆ ಅಪಾಯ, ಸರೋಜಕ್ಕನೇ ಇದು ಸುಳ್ಳೆಂದು ಹೇಳಿ ಹೋಗಿದ್ದಾರೆ, ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ. ಕಳಿಸು ಎಂಬಲ್ಲಿ ಒತ್ತಿದೆ.

'ನಿಮ್ಮ ಕಾಮೆಂಟ್ ವೆಬ್‌ಸೈಟಿನವರ ಅನುಮತಿಗಾಗಿ ಕಾಯುತ್ತಿದೆ' ಎಂದು ಬಂತು. ಇವತ್ತಿಗೂ ಹಾಗೇ ಇದೆ.