ಲೈಬ್ರರಿಯಲ್ಲಿ ಅಪ್ಪನ ಮೂರನೇ ಕೂಗು

ಅಕ್ಕ ತೀರಿಕೊಂಡ ಮೇಲೆ ಅವಳ ಟ್ರಂಕು ತೆರೆದೆ. ಹಳೆಯ ಪತ್ರಿಕೆಗಳ ವಾಸನೆಗೆ, ಚಿಕ್ಕಂದಿನಲ್ಲಿ ನಾವಿಬ್ಬರೂ ಓದುತ್ತಾ ಕೂರುತ್ತಿದ್ದ ಬಳ್ಳಾರಿಯ ಲೈಬ್ರರಿ ನೆನಪಾಯಿತು.

ಪಕ್ಕದ ಕೋರ್ಟಿನಲ್ಲಿ ಅಪ್ಪ ಜವಾನರು. ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುತ್ತಿದ್ದರು. ಹಳ್ಳಿಯವರು ನೆರಳಿಗೆಂದು ಲೈಬ್ರರಿಯಲ್ಲಿ ಕೂರುತ್ತಿದ್ದರಿಂದ, ಮೂರನೆಯ ಸಲ ಅಲ್ಲಿಗೇ ಬಂದು ಪಿಸುಮಾತಿನಲ್ಲಿ ಕರೆಯುತ್ತಿದ್ದರು.

ಒಮ್ಮೆ ಸಿರಿಗೇರಿಯ ಈರಮ್ಮಜ್ಜಿಯ ಎಮ್ಮೆ ಪೇಟೆಯಲ್ಲಿ ತಪ್ಪಿಸಿಕೊಂಡು ಪುರಸಭೆಯ ದೊಡ್ಡಿ ಸೇರಿ, ವಿಷಯ ಕೋರ್ಟಿಗೆ ಬಂದಿತ್ತು. ಮೂರನೆಯ ಕರೆಗೂ ಅವಳು ಬಾರದಿದ್ದರೆ ಎಮ್ಮೆ ಹರಾಜು. ಅಪ್ಪ ಪಿಸುಗುಟ್ಟಿದರು. ಯಾರೂ ಏಳಲಿಲ್ಲ.

ಕೆಮ್ಮಿದರೂ ಗದರುವ ಲೈಬ್ರರಿ ಮೇಷ್ಟ್ರು, “ಜೋರಾಗಿ ಕೂಗಪ್ಪಾ! ಪುಸ್ತಕ ಏನ್ ಎದ್ದು ಓಡಂಗಿಲ್ಲ” ಎಂದರು.

ಅಪ್ಪ ಕಿಟಕಿ ನಡುಗುವಂತೆ ಕೂಗಿದರು. ಮೂಲೆಯಲ್ಲಿದ್ದ ಕಿವಿ ಮಂದದ ಅಜ್ಜಿ ಎದ್ದು, “ಇಲ್ಲೇ ಅದೀನಿ! ಮೊದ್ಲ ಹಿಂಗ ಕರೀಬಾರ್ದೇನ್ರೀ?” ಎಂದು ಅಪ್ಪನನ್ನೇ ಬೈದಳು. ಸಂಜೆ ಎಮ್ಮೆ ಹಿಡಿದು ಊರಿಗೆ ಹೊರಟಳು.

ಅಂಥ ದೊಡ್ಡವರನ್ನು ನೆನೆದು ನನ್ನ ಜೊತೆ ನಗಲು ಈಗ ಅಕ್ಕ ಇಲ್ಲ.